ಹರಿಯದ ಹಲಗಿ

ದರಿಬಡಚಿ, ತಾ. ಜತ್ತ
ಶುಕ್ರವಾರ, ೧೦ ಜನವರಿ ೨೦೨೫

ಮಗ ಕಲ್ಮೇಶನಿಗೆ ಅವ್ವ ಬರೆಯುವುದು.

ಇವತ್ತು ಶುಕ್ರವಾರದ ಉಪವಾಸ. ಸಂಜೆಯ ಪ್ರಾರ್ಥನೆ ಮುಗಿಯುವ ತನಕ ನೀರು ಬಿಟ್ಟು ಬೇರೆ ಏನೂ ಬಾಯಿಗೆ ಹಾಕುವುದಿಲ್ಲ. ಬೆಳಿಗ್ಗೆ ಎದ್ದು ಆಡಿನ ಹಿಕ್ಕೆ ಬಳಿದೆ, ನಳ ಬಂದಿತ್ತು, ಕೊಡ ತುಂಬಿದೆ, ನಿಮ್ಮಪ್ಪನಿಗೆ ರೊಟ್ಟಿ ಬಡಿದಿಟ್ಟು ಪ್ರಾರ್ಥನಾ ಮನೆಯ ಕಸ ಹೊಡೆದು ಬಂದೆ. ಹೊಟ್ಟೆ ಹಸಿದಾಗ ಕಸ ಹೊಡೆದರೆ ಮೂಲೆಯ ಕಸವೂ ಕಾಣುತ್ತದೆ. ಈಗ ಜೋಳದ ಹೊಲದ ಬದುವಿನ ಮೇಲೆ ಕುಳಿತು ಹಕ್ಕಿ ಓಡಿಸುತ್ತ ಬರೆಯುತ್ತಿದ್ದೇನೆ. ಅಕ್ಷರ ಸೊಟ್ಟಾದರೆ ಗುಬ್ಬಿಗಳನ್ನು ಬೈಯಿ.

ನಿಮ್ಮ ಪಾಸ್ಟರ್ ಸಾಲಿಯಲ್ಲಿ ಕೊನೆಯ ವರ್ಷದವರ ಮೊಬೈಲನ್ನೆಲ್ಲ ಈಸ್ಟರ್ ಹಬ್ಬದ ತನಕ ಕಪಾಟಿನಲ್ಲಿಟ್ಟು ಕೀಲಿ ಹಾಕುತ್ತಾರೆ, ಪತ್ರ ಮಾತ್ರ ಬರೆಯಬಹುದು ಅಂತ ನೀನು ಹೇಳಿ ಹೋದೆ. ಚಲೋ ಆಯಿತು. ಫೋನಿನಲ್ಲಿ ನೀನು ‘ಹೂಂ ಅವ್ವ, ಆತು ಅವ್ವ’ ಅಂದು ಇಟ್ಟುಬಿಡುತ್ತಿದ್ದೆ. ಕಾಗದದಲ್ಲಿ ಅಷ್ಟಕ್ಕೆ ಮುಗಿಸಲು ಬರುವುದಿಲ್ಲ.

ನಿಮ್ಮಪ್ಪ ಆರಾಮ ಇದ್ದಾರೆ. ಚಳಿಗೆ ಸ್ವಲ್ಪ ಕೆಮ್ಮು. ರವಿವಾರ ಎಂದಿನಂತೆ ಪ್ರಾರ್ಥನಾ ಮನೆಯ ಹೊರಗೆ ಮೆಟ್ಟಿಲ ಮೇಲೆ ಕುಳಿತಿದ್ದರು. ನಮ್ಮ ಸಭೆಯ ಹಿರಿಯಳು ಯಲ್ಲವ್ವ ಆಯಿ ಸುಮ್ಮನಿರುತ್ತಾಳೆಯೇ?

“ದತ್ತಾ, ಇನ್ನ ಎಷ್ಟ ವರ್ಷ ನಮ್ಮ ಚಪ್ಲಿ ಕಾಯ್ತೀಯೋ? ಹಲಗಿ ತಂದು ಈ ಮೆಟ್ಟಲ ಮ್ಯಾಲ ಇಡು. ನಾ ಚಾಕು ಹಚ್ಚತೀನಿ, ಪಾಸ್ಟರು ಬಂದ ದಿನಾನ ನಿನಗ ದೀಕ್ಷಾಸ್ನಾನ.”

“ಹಲಗಿ ಹರದು ಒಳಗ ಬರೂದಕ್ಕಿಂತ ಹಲಗಿ ಇಟಗೊಂಡು ಹೊರಗ ಕುಂದ್ರೂದು ಚಲೋರಿ ಆಯಿ. ನಾ ಎದ್ದ ಹೋದ್ರ ನಿಮ್ಮ ಚಪ್ಲಿ ನಾಯಿ ಒಯ್ತಾವ.”

ಎಲ್ಲರೂ ನಕ್ಕರು, ನಾನು ನಗಲಿಲ್ಲ. ನಮ್ಮ ಓಣಿಯಲ್ಲಿ ನಿನ್ನ ಅಜ್ಜಿಯ ಕಾಲದಿಂದ ಇದೇ ಪದ್ಧತಿ. ಸತ್ತವರ ಮುಂದೆ ಹಲಗಿ ಬಾರಿಸುವ ಮನೆತನದವರು ನಾವು. ಸಭೆಗೆ ಸೇರುವವನು ಮೊದಲು ತನ್ನ ಹಲಗಿಯ ಚರ್ಮ ಹರಿಸಿಕೊಳ್ಳಬೇಕು. ನಿನ್ನ ಅಜ್ಜಿ, ಕಾಕಾಗಳು, ಎಲ್ಲರೂ ಹಾಗೆಯೇ ಒಳಗೆ ಬಂದರು. ನಮ್ಮ ಮನೆಯಲ್ಲಿ ನಿಮ್ಮಪ್ಪ ಒಬ್ಬರೇ ಉಳಿದರು, ಓಣಿಯಲ್ಲಿ ಕಿಟಕಿಯ ಹೊರಗೆ ನಿಂತು ಹಾಡು ಕೇಳುವ ನೆರೆಮನೆಯ ಕೃಷ್ಣಾ ಕಾಕಾ ಒಬ್ಬ.

ಶ್ರಾವಣದಿಂದ ಹಲಗಿ ಗೂಟದಿಂದ ಇಳಿದಿಲ್ಲ. ಊರಲ್ಲಿ ಯಾರಾದರೂ ಸತ್ತರೆ ಈಗ ಕರಜಗಿಯವರನ್ನು ಕರೆಸುತ್ತಾರೆ.

ನೀನು ಓದು. ಮನೆಯ ಚಿಂತೆ ಬೇಡ.

ನಿನ್ನ ಅವ್ವ
ಹೌಸಾಬಾಯಿ


ಬೆಳಗಾವಿ
ರವಿವಾರ, ೧೯ ಜನವರಿ ೨೦೨೫

ಪ್ರೀತಿಯ ಅವ್ವನಿಗೆ,

ನಿನ್ನ ಪತ್ರ ಓದಿ ನನಗಾದ ಸಂತೋಷವನ್ನು ಹೇಗೆ ಬರೆಯಲಿ? ಹಲಗಿ ಗೂಟದಿಂದ ಇಳಿದಿಲ್ಲ ಎಂಬ ಒಂದು ಸಾಲನ್ನು ಮತ್ತೆ ಮತ್ತೆ ಓದಿದೆ. ಅಪ್ಪನ ಮನಸ್ಸು ತಿರುಗುತ್ತಿದೆ ಅವ್ವ. ಬಾಯಿಂದ ಹೇಳಲು ನಾಚಿಕೆ ಅಷ್ಟೇ. ಮೆಟ್ಟಿಲ ಮೇಲಿನ ಮಾತೆಲ್ಲ ಚೇಷ್ಟೆ. ನೀನು ಬಿಡದೆ ಹೇಳುತ್ತಿರು.

ಈಸ್ಟರ್‌ಗೆ ಮುಂಚೆ ಮಂಡಳಿಯವರು ಬರುತ್ತಾರೆ. ಯಾರನ್ನು ಸಭಾಪಾಲಕರ ಸೇವೆಗೆ ಕಳಿಸಬೇಕು, ಯಾರನ್ನು ಇನ್ನೊಂದು ವರ್ಷ ನಿಲ್ಲಿಸಬೇಕು ಎಂದು ತೀರ್ಮಾನಿಸುವವರು ಅವರೇ. ನಡುವೆ ಊರಿಗೆ ಹೋದವನನ್ನು ಹಿಂದಿನ ವರ್ಷ ನಿಲ್ಲಿಸಿಯೇಬಿಟ್ಟರು. ಆದ್ದರಿಂದ ನಾನು ಬರುವುದಿಲ್ಲ, ತಪ್ಪು ತಿಳಿಯಬೇಡ.

ಇಲ್ಲಿ ನನ್ನ ಜೊತೆಯ ಹುಡುಗರಲ್ಲಿ ಹೆಚ್ಚಿನವರು ಪಾಲಕರ ಮಕ್ಕಳು, ಮೊಮ್ಮಕ್ಕಳು. ಊಟದ ಪಂಕ್ತಿಯಲ್ಲಿ ಒಬ್ಬ ನನ್ನನ್ನು ಕೇಳಿದ, ನಿಮ್ಮ ತಂದೆ ಯಾವ ಸಭೆಯಲ್ಲಿದ್ದಾರೆ ಎಂದು. ಹೊಲ ಇದೆ, ಹೊಲ ನೋಡಿಕೊಳ್ಳುತ್ತಾರೆ ಅಂದೆ. ಸುಳ್ಳಲ್ಲವಲ್ಲ. ಹೊಲ ಇದ್ದೇ ಇದೆ.

ನಿನ್ನ ಮಗ
ಕಲ್ಮೇಶ


ದರಿಬಡಚಿ
ಶುಕ್ರವಾರ, ೭ ಫೆಬ್ರುವರಿ ೨೦೨೫

ಕಲ್ಮೇಶ,

ಈ ಸಲ ಹೆಚ್ಚು ಬರೆಯುವುದಿಲ್ಲ. ಸುಗ್ಗಿ ನಡೆದಿದೆ, ಮನೆಯಲ್ಲೂ ಕೆಲಸ ಇದೆ. ನಿಮ್ಮಪ್ಪ ಆರಾಮ ಇದ್ದಾರೆ.

ಒಂದು ಮಾತು ಕೇಳಬೇಕಾಗಿದೆ. ನಮ್ಮ ಓಣಿಯಲ್ಲಿ ಒಬ್ಬ ಮನುಷ್ಯನಿಗೆ ಎದೆಯ ಬೇನೆ. ದವಾಖಾನೆಯವರು ಕೈಬಿಟ್ಟು ಮನೆಗೆ ಕಳಿಸಿದ್ದಾರೆ. ದೀಕ್ಷಾಸ್ನಾನ ಆಗಿಲ್ಲ. ಆದರೆ ರವಿವಾರ ತಪ್ಪಿಸಿದವನಲ್ಲ, ನಮ್ಮ ಹಾಡೆಲ್ಲ ಬಾಯಿಪಾಠ ಬರುತ್ತವೆ. ಸತ್ತ ಮೇಲೆ ಸಭೆಯ ಭೂಮಿಯಲ್ಲಿ, ತನ್ನ ತಾಯಿಯ ಕಾಲ ಕಡೆ ಮಣ್ಣು ಮಾಡಬೇಕೆಂದು ಅವನ ಆಸೆ. ಈಗಲಾದರೂ ದೀಕ್ಷಾಸ್ನಾನ ತಗೋ ಅಂತ ಅವನ ಮನೆಯವಳು ಕೈಮುಗಿದು ಕೇಳಿದಳು. ತನ್ನ ಪದ್ಧತಿ ಮುರಿದು ಬರಲು ಒಲ್ಲೆ ಅನ್ನುತ್ತಾನೆ. “ಸಾಯೂ ಹೊತ್ತಿಗೆ ಹೆದರಿ ಬಂದೆ ಅಂತ ದೇವರ ಅನ್ನಬಾರದು” ಅನ್ನುತ್ತಾನೆ.

ಹಿರಿಯರಲ್ಲಿ ಎರಡು ಮಾತಾಗಿದೆ. ಯಲ್ಲವ್ವ ಆಯಿ ಮೆತ್ತಗಾಗಿದ್ದಾಳೆ. ಕೆಲವರು ಒಲ್ಲೆ ಅನ್ನುತ್ತಾರೆ. ಆಯಿ ಅಂದಳು, “ನಿನ್ನ ಮಗಾ ಪಾಸ್ಟರ ಆಗಾಂವ ಅಲ್ಲೇನ? ಅಂವಗ ಕೇಳು. ಅಂವ ಏನ ಬರೀತಾನ ಅದ ನಮಗ ಕಡೀ ಮಾತು.” ಎಲ್ಲರೂ ಹೂಂ ಅಂದರು. ನನಗೆ ಹೆಮ್ಮೆ ಅನ್ನಿಸಿತು, ದೇವರು ಕ್ಷಮಿಸಲಿ.

ಯಾರು ಅಂತ ಕೇಳಬೇಡ. ಹೆಸರು ಹೇಳಿದರೆ ನೀನು ಮುಖ ನೋಡಿ ಉತ್ತರ ಬರೆಯುತ್ತೀ. ಪಾಲಕನಾದವನು ಮುಖ ನೋಡಬಾರದು. ನಿನ್ನ ಮನಸ್ಸಿನಲ್ಲಿ ದೇವರು ಹೇಳಿದ್ದನ್ನು ಬರೆ. ಲಗೂನ ಬರೆ.

ಅವ್ವ


ಬೆಳಗಾವಿ
ರವಿವಾರ, ೧೬ ಫೆಬ್ರುವರಿ ೨೦೨೫

ಪ್ರೀತಿಯ ಅವ್ವನಿಗೆ ಮತ್ತು ಸಭೆಯ ಹಿರಿಯರಿಗೆ,

ನಿಮ್ಮ ಪ್ರಶ್ನೆ ನನ್ನನ್ನು ತುಂಬ ಯೋಚನೆಗೆ ಹಚ್ಚಿತು. ಇದನ್ನು ತರಗತಿಯಲ್ಲೂ ಎತ್ತಿದೆ. ನಾನು ವಾದ ಮಾಡಿದ ರೀತಿಯನ್ನು ಪ್ರಾಚಾರ್ಯರು ಎಲ್ಲರೆದುರು ಹೊಗಳಿದರು.

ಹೆಸರು ಹೇಳದಿದ್ದರೂ ಅದು ಕೃಷ್ಣಾ ಕಾಕಾ ಎಂದು ನನಗೆ ತಿಳಿಯಿತು. ಅವರ ಬಗ್ಗೆ ನನಗೆ ಪ್ರೀತಿ ಇದೆ. ಆದರೂ ಹೇಳಬೇಕಾದದ್ದನ್ನು ಹೇಳುತ್ತೇನೆ.

ಸಭೆಯ ಭೂಮಿ ಸಭೆಯವರಿಗೆ. ಕರೆದಾಗ ಬಾರದವನು ಸತ್ತ ಮೇಲೆ ಹೆಣವಾಗಿ ಒಳಗೆ ಬಂದರೆ, ಬದುಕಿದ್ದಾಗ ಹಲಗಿ ಹರಿಸಿಕೊಂಡು, ಊರವರ ಬೈಗುಳ ತಿಂದು, ಬಾಗಿಲು ದಾಟಿದವರ ತ್ಯಾಗಕ್ಕೆ ಏನು ಬೆಲೆ? ಹಾಡು ಬಾಯಿಪಾಠ ಬರುವುದು ದೊಡ್ಡದಲ್ಲ. ಓಣಿಯ ಸಣ್ಣ ಮಕ್ಕಳಿಗೂ ಬರುತ್ತದೆ. ಬಾಗಿಲಲ್ಲಿ ಕುಳಿತವನು ಒಳಗೆ ಬಂದವನಲ್ಲ. ಇವತ್ತು ಒಬ್ಬರಿಗೆ ಸಡಿಲ ಬಿಟ್ಟರೆ ನಾಳೆ ಬೇಲಿಯೇ ಉಳಿಯುವುದಿಲ್ಲ. ಆ ಮನುಷ್ಯನನ್ನು ಅವರ ಹಳೆಯ ಜಾಗದಲ್ಲಿ, ಹಳ್ಳದ ದಂಡೆಯಲ್ಲಿ ಮಣ್ಣು ಮಾಡಲಿ. ಸಭೆಯವರು ದೂರ ನಿಂತು ಮನಸ್ಸಿನಲ್ಲಿ ಪ್ರಾರ್ಥಿಸಬಹುದು, ವಿಧಿ ನಡೆಸಬಾರದು.

ಅವ್ವ, ನೀನು ಮುಖ ನೋಡಬೇಡ ಅಂದೆ. ನೋಡಲಿಲ್ಲ. ನಿನಗೆ ಸಮಾಧಾನ ಆಗಿರಬೇಕು.

ಕಲ್ಮೇಶ


ದರಿಬಡಚಿ
ಶುಕ್ರವಾರ, ೭ ಮಾರ್ಚ್ ೨೦೨೫

ಕಲ್ಮೇಶ,

ಈಸ್ಟರ್ ಮುಂಚಿನ ಶ್ರಮೆಯ ದಿನಗಳು ಶುರುವಾಗಿವೆ. ಈಗ ಶುಕ್ರವಾರ ಅಷ್ಟೇ ಅಲ್ಲ, ದಿನಾ ಒಪ್ಪತ್ತು.

ನಿನ್ನ ಪತ್ರ ಬಂತು. ಹಿರಿಯರ ಮುಂದೆ ಓದಿದೆ. ನೀನು ಬರೆದ ಹಾಗೆಯೇ ನಡೆಸಿದರು. ಆ ಮನುಷ್ಯ ತೀರಿಕೊಂಡ. ಹಳ್ಳದ ದಂಡೆಯಲ್ಲಿ ಮಣ್ಣಾಯಿತು.

ಮಂಡಳಿಯವರು ಬಂದು ಹೋದ ಮೇಲೆ ಬರೆ. ಅಲ್ಲಿಯ ತನಕ ಮನಸ್ಸು ಆ ಕಡೆ ಈ ಕಡೆ ಹರಿಯಬಿಡಬೇಡ. ಇಲ್ಲಿ ಎಲ್ಲ ಮುಗಿದಿದೆ.

ಅವ್ವ


ಬೆಳಗಾವಿ
ರವಿವಾರ, ೩೦ ಮಾರ್ಚ್ ೨೦೨೫

ಪ್ರೀತಿಯ ಅವ್ವ ಮತ್ತು ಅಪ್ಪ,

ಮಂಡಳಿ ನನ್ನನ್ನು ಆರಿಸಿದೆ. ಜೂನ್‌ನಿಂದ ಬೈಲಹೊಂಗಲದ ಕಡೆ ಒಂದು ಸಭೆಯಲ್ಲಿ ಸಹಾಯಕ ಪಾಲಕನಾಗಿ ಇರಬೇಕು. ವರ್ಷ ಕಳೆದರೆ ಅಭಿಷೇಕ. ಮಂಡಳಿಯ ಮುಂದೆಯೂ ನಾನು ಅದೇ ಹಳ್ಳಿಯ ಪ್ರಶ್ನೆಯನ್ನು, ನಾನು ಕೊಟ್ಟ ಉತ್ತರವನ್ನು ಹೇಳಿದೆ. ಹಿರಿಯ ಪಾಲಕರೊಬ್ಬರು, ಈ ವಯಸ್ಸಿಗೇ ಇಷ್ಟು ಗಟ್ಟಿ ನಿಲುವು ಅಪರೂಪ ಅಂದರು.

ಕೃಷ್ಣಾ ಕಾಕಾನ ಮನೆಯವರಿಗೆ ನನ್ನ ಸಾಂತ್ವನ ಹೇಳು. ನನ್ನ ಮೇಲೆ ಸಿಟ್ಟಾಗಿದ್ದರೆ ಬೇಸರಪಡಬೇಡ. ಕಾಲ ಕಳೆದಂತೆ ತಿಳಿದುಕೊಳ್ಳುತ್ತಾರೆ.

ಅಪ್ಪಾ, ಈ ಮಾತು ನಿನಗೆ. ಅವ್ವ ಓದಿ ಹೇಳಲಿ. ನನಗೆ ಅಭಿಷೇಕ ಆದ ದಿನ ನಾನು ಕೊಡುವ ಮೊದಲ ದೀಕ್ಷಾಸ್ನಾನ ನಿನಗೇ ಆಗಬೇಕು. ಹಲಗಿಯನ್ನು ಯಲ್ಲವ್ವ ಆಯಿಯ ಕೈಗೆ ಕೊಡಬೇಡ, ನಾನೇ ಹರಿಯುತ್ತೇನೆ, ಮೆಲ್ಲಗೆ. ಅವ್ವ, ಅಪ್ಪನಿಗೆ ಒಂದು ಬಿಳಿ ಧೋತರ ತೆಗೆದಿಡು.

ಕಲ್ಮೇಶ


ದರಿಬಡಚಿ
ಶುಭ ಶುಕ್ರವಾರ, ೧೮ ಏಪ್ರಿಲ್ ೨೦೨೫

ಕಲ್ಮೇಶ,

ಧೋತರ ತೆಗೆದಿಡು ಅಂತ ಬರೆದೆ. ಅದನ್ನು ಉಡಿಸಿಯೇ ಕಳಿಸಿದೆವು.

ಕೃಷ್ಣಾ ಕಾಕಾ ಗಟ್ಟಿಮುಟ್ಟಾಗಿದ್ದಾನೆ. ಈ ವಾರ ಮುಚ್ಚಂಡಿಗೆ ಹೋಗಿ ಆಡು ಮಾರಿ ಬಂದ. ನಾನು ಹೆಸರು ಹೇಳದೆ ಕೇಳಿದ ಮನುಷ್ಯ ನಿನ್ನ ಅಪ್ಪ.

ಶ್ರಾವಣದಿಂದಲೇ ಅವರ ಎದೆ ಕೆಟ್ಟಿತ್ತು. ಕೈಯಲ್ಲಿ ಶಕ್ತಿ ಇರಲಿಲ್ಲ, ಅದಕ್ಕೇ ಹಲಗಿ ಗೂಟದಿಂದ ಇಳಿಯಲಿಲ್ಲ. ನೀನು ಅದನ್ನು ಬೇರೆಯೇ ತಿಳಿದು ಸಂತೋಷಪಟ್ಟೆ. ನಾನೂ ತಿದ್ದಲಿಲ್ಲ. ನಿನ್ನನ್ನು ಕರೆಸೋಣ ಅಂದರೆ ಅವರು ಕೇಳಲಿಲ್ಲ. “ಕರೀಬ್ಯಾಡ. ಬಂದ್ರ ಹೊಳ್ಳಿ ಹೋಗೂದಿಲ್ಲ. ನನ್ನ ಸಲುವಾಗಿ ಅಂವ ಅರ್ಧಕ್ಕ ಬಿಡಬಾರದು” ಅಂದರು. ಅವರ ಮಾತು ಕೇಳಿ ಮುಚ್ಚಿಟ್ಟೆ.

ನಿನ್ನ ಪತ್ರ ಬಂದ ದಿನ ನಾನು ಅದನ್ನು ಒಡೆಯಲಿಲ್ಲ. ಎಲ್ಲರ ಮುಂದೆಯೇ ಒಡೆಯಬೇಕೆಂದು ಸೆರಗಿನಲ್ಲಿ ಕಟ್ಟಿಕೊಂಡೆ. ಹೂಂ ಅಂತಲೇ ಬರೆದಿರುತ್ತೀ ಅಂತ ನನಗೆ ಎಳ್ಳಷ್ಟೂ ಸಂಶಯ ಇರಲಿಲ್ಲ. ನಾನು ಹೆತ್ತ ಮಗ, ನಿಮ್ಮಪ್ಪನ ಹೆಗಲ ಮೇಲೆ ಕುಳಿತು ಆ ಮೆಟ್ಟಿಲ ತನಕ ಬಂದವನು. ರವಿವಾರ ಪ್ರಾರ್ಥನೆ ಮುಗಿದ ಮೇಲೆ ಹಿರಿಯರು ಕುಳಿತರು. ನಿಮ್ಮಪ್ಪ ಹೊರಗೆ ಮೆಟ್ಟಿಲ ಮೇಲೆ ಕಂಬಳಿ ಹೊದ್ದು ಕುಳಿತಿದ್ದರು. ನಿನ್ನ ಜೊತೆ ಸಾಲಿ ಕಲಿತ ಏಜಾಜ ತನ್ನ ಟೆಂಪೋದಲ್ಲಿ ಕರೆತಂದು ಬಿಟ್ಟಿದ್ದ. ಮಗನ ಪತ್ರ ತನ್ನ ಕಿವಿಯಿಂದಲೇ ಕೇಳಬೇಕೆಂಬ ಆಸೆ ಅವರಿಗೆ.

ನಾನೇ ಓದಿದೆ. ಎರಡನೇ ಸಾಲಿಗೇ ಗೊತ್ತಾಯಿತು. ನಿಲ್ಲಿಸಬಹುದಿತ್ತು. ಎಲ್ಲರೂ ನನ್ನ ಮುಖ ನೋಡುತ್ತಿದ್ದರು. ಕನ್ನಡ ಸಾಲಿಯಲ್ಲಿ ಮಾಸ್ತರರು ನಿಲ್ಲಿಸಿ ಓದಿಸಿದ ಹಾಗೆ ಒಂದೊಂದೇ ಅಕ್ಷರ ಓದುತ್ತ ಹೋದೆ. ಬಾಗಿಲಲ್ಲಿ ಕುಳಿತವನು ಒಳಗೆ ಬಂದವನಲ್ಲ ಅನ್ನುವುದನ್ನೂ ಓದಿದೆ. ಆಗ ಹೊರಗಿನ ಕೆಮ್ಮು ನಿಂತಿತು.

ಯಲ್ಲವ್ವ ಆಯಿ ಬಾಗಿಲ ತನಕ ಹೋಗಿ, “ದತ್ತಾ, ಅಂವಗ ಗೊತ್ತಿಲ್ಲೋ, ನೀ ಅಂತ ಗೊತ್ತಿಲ್ಲ” ಅಂದಳು.

“ಗೊತ್ತಿಲ್ಲದ ಬರದದ್ದ ಖರೇ ಮಾತ ಆಯಿ,” ಅಂದರು ನಿಮ್ಮಪ್ಪ. “ಚಲೋ ಬರದಾನ. ಬಾಯಿ ಐತಿ ಅಂವಗ. ಪಾಸ್ಟರ ಆಗ್ತಾನ.”

ಹೊರಟಾಗ ಏಜಾಜ ಕೈ ಹಿಡಿಯಲು ಬಂದ. “ಬಿಡೋ, ಮೆಟ್ಟಲ ನನಗ ಹೊಸಾದಲ್ಲ” ಅಂದು ತಾವೇ ಎದ್ದರು. ಆ ವಾರ ಮತ್ತೆ ಏಳಲಿಲ್ಲ. ಕೊನೆಯ ದಿನ ಒಂದೇ ಮಾತು ಹೇಳಿದರು, “ಸತ್ತವರನ್ನ ಸುಮ್ಮ ಕಳಸಬಾರದು ಹೌಸಾ. ನಾ ಯಾರನ್ನೂ ಸುಮ್ಮ ಕಳಿಸಿಲ್ಲ.”

ಅವರು ಹೋದ ಮೇಲೆ ಆಯಿಯ ಕಾಲಿಗೆ ಬಿದ್ದೆ. ಆಯಿ ಅತ್ತಳು. ಅತ್ತು, “ನಿನ್ನ ಮಗಾನ ಬರದ ಮ್ಯಾಲ ನಾ ಹ್ಯಾಂಗ ತಗೀಲಿ ಬೇಲಿ?” ಅಂದಳು. ಬೇಲಿಯ ಆಚೆ ನಿನ್ನ ಅಜ್ಜಿಯ ಕಾಲ ಕಡೆಯ ಜಾಗ ಖಾಲಿಯೇ ಇದೆ. ಜಾಲಿ ಮುಳ್ಳು ಸರಿಸಿದರೆ ಆಗುತ್ತಿತ್ತು.

ಹಲಗಿಯವರನ್ನು ಕರೆಯಲು ಏಜಾಜ ಕರಜಗಿಗೆ ಹೋದ. ಮನೆಗಳಿಗೆ ಕೀಲಿ. ಎಲ್ಲರೂ ಕಬ್ಬು ಕಡಿಯಲು ಹೋಗಿದ್ದರು. ಊರ ಹೆಣಗಳ ಮುಂದೆಲ್ಲ ಬಾರಿಸಿದವರ ಮುಂದೆ ಬಾರಿಸಲು ಯಾರೂ ಇರಲಿಲ್ಲ. ಸಭೆಯವರು ದೂರ ನಿಂತರು, ನೀನು ಬರೆದ ಹಾಗೆ. ಏಜಾಜ, ಅವನ ಅಪ್ಪ ಮೌಲಾಲಿ, ಅವರ ಕಡೆಯವರು ಹೆಗಲು ಕೊಟ್ಟರು. ಕೃಷ್ಣಾ ಕಾಕಾನೂ ಬಂದು ಹೆಗಲು ಕೊಟ್ಟ.

ನಾನು ಹಲಗಿ ಇಳಿಸಿದೆ. ನಿಮ್ಮಪ್ಪ ಮಾಡುತ್ತಿದ್ದ ಹಾಗೆ ಒಣಗಿದ ಜೋಳದ ಕಣಕಿಗೆ ಬೆಂಕಿ ಹಚ್ಚಿ, ಚರ್ಮ ಬಿಗಿಯಾಗುವ ತನಕ ಕಾಯಿಸಿದೆ. ಬಗಲಲ್ಲಿ ಹಿಡಿದು ಮುಂದೆ ನಡೆದೆ. ದೀಕ್ಷಾಸ್ನಾನದ ದಿನ ಇದನ್ನು ಮುಟ್ಟುವುದಿಲ್ಲ ಅಂತ ಪ್ರಮಾಣ ಮಾಡಿದವಳು. ಹೊಡೆಯಲು ಕೈ ಎತ್ತಿದೆ, ಬೀಳಲಿಲ್ಲ. ಹೊರಟಾಗ ಸುಡುತ್ತಿತ್ತು, ಹಳ್ಳ ಮುಟ್ಟುವಷ್ಟರಲ್ಲಿ ಆರಿತ್ತು. ಸುಮ್ಮನೇ ಕಳಿಸಿದೆವು.

ಇವತ್ತು ಎಲ್ಲರೂ ಪ್ರಾರ್ಥನಾ ಮನೆಯಲ್ಲಿದ್ದಾರೆ. ನಾನು ಮೆಟ್ಟಿಲ ಮೇಲೆ ಕುಳಿತು ಬರೆಯುತ್ತಿದ್ದೇನೆ. ಒಳಗಿನ ಹಾಡು ಇಲ್ಲಿಗೂ ಕೇಳುತ್ತದೆ. ಇಷ್ಟು ವರ್ಷ ನನಗೆ ಗೊತ್ತಿರಲಿಲ್ಲ.

ಅವ್ವ


ಬೆಳಗಾವಿ
ರವಿವಾರ, ೨೭ ಏಪ್ರಿಲ್ ೨೦೨೫

ಅವ್ವ,

ಮೊಬೈಲ್ ಕೈಗೆ ಬಂದಿದೆ. ನಿನ್ನ ನಂಬರು ಒತ್ತುತ್ತೇನೆ, ರಿಂಗಾಗುವ ಮೊದಲೇ ಕಟ್ ಮಾಡುತ್ತೇನೆ. ಗುರುವಾರ ಬಸ್ಸು ಹತ್ತಿ ಮುಚ್ಚಂಡಿ ತನಕ ಬಂದೆ. ಸ್ಟ್ಯಾಂಡಿನಲ್ಲಿ ಚಹಾದವನು ‘ಯಾವ ಊರಿಗಿ ಹೊಂಟೀರಿ?’ ಅಂದ. ಬೆಳಗಾವಿಗೆ ಅಂದೆ. ಅದೇ ಬಸ್ಸಿಗೆ ಹೊಳ್ಳಿ ಬಂದೆ.

ಅಪ್ಪ ಹಲಗಿ ಬಾರಿಸುವವನು ಎಂದು ಇಲ್ಲಿ ಒಬ್ಬನಿಗೂ ಹೇಳಿರಲಿಲ್ಲ. ಆ ಪತ್ರ ಬರೆಯುವಾಗ ಕೃಷ್ಣಾ ಕಾಕಾ ಎಂದು ಬರೆದೆ. ಆದರೆ ಬಾಗಿಲಲ್ಲಿ ಕುಳಿತವನು ಎಂದು ಬರೆಯುವಾಗ ನನ್ನ ಕಣ್ಣ ಮುಂದೆ ಯಾರು ಇದ್ದರು ಅವ್ವ? ಕೃಷ್ಣಾ ಕಾಕಾ ಒಂದು ದಿನವೂ ಅಲ್ಲಿ ಕುಳಿತವನಲ್ಲ.

ಜೂನ್ ಮೊದಲ ರವಿವಾರ ಬೈಲಹೊಂಗಲದ ಕಡೆ ಹೋಗಬೇಕು. ಹೂಂ ಅಂತ ಇನ್ನೂ ತಿಳಿಸಿಲ್ಲ. ಇನ್ನೊಬ್ಬರ ಹೆಣದ ಮುಂದೆ ನಿಂತು ನಾನು ಯಾವ ಬಾಯಿಂದ ಪ್ರಾರ್ಥನೆ ಮಾಡಲಿ? ಬಿಟ್ಟುಬಿಡಲೇ? ನೀನು ಹೇಳಿದ ಹಾಗೆ ಮಾಡುತ್ತೇನೆ. ಒಂದೇ ಸಾಲು ಬರೆ.

ಕಲ್ಮೇಶ


ದರಿಬಡಚಿ
ಶುಕ್ರವಾರ, ೯ ಮೇ ೨೦೨೫

ಕಲ್ಮೇಶ,

ಇವತ್ತೂ ಉಪವಾಸ. ಆಡು ಬಿಟ್ಟು ಬಂದೆ, ನೀರು ತಂದೆ. ರೊಟ್ಟಿ ಬಡಿಯುವ ಕೆಲಸ ಈಗ ಇಲ್ಲ.

ನೀನು ಕ್ಷಮಿಸು ಅಂತ ಬರೆಯಲಿಲ್ಲ. ಅದು ಚಲೋ ಮಾಡಿದೆ. ಕೇಳಿದ್ದರೆ ನಾನು ತಾಯಿ, ಆಯಿತು ಅಂದುಬಿಡುತ್ತಿದ್ದೆ, ಅದು ಬಾಯಿಮಾತಾಗುತ್ತಿತ್ತು. ಕ್ಷಮಿಸುವ ಮನಸ್ಸು ಕೊಡು ಅಂತ ದಿನಾ ಕೇಳಿಕೊಳ್ಳುತ್ತಿದ್ದೇನೆ, ದೇವರು ಇನ್ನೂ ಕೊಟ್ಟಿಲ್ಲ. ಕೊಟ್ಟ ದಿನ ಬರೆಯುತ್ತೇನೆ. ಅಲ್ಲಿಯ ತನಕ ಮನೆಗೆ ಬರಬೇಡ.

ಹೆಸರು ಮುಚ್ಚಿಟ್ಟವಳು ನಾನು. ಓದುತ್ತ ಹೋದವಳೂ ನಾನು. ಅದು ನನ್ನ ಪಾಲು, ನಾನು ಹೊರುತ್ತೇನೆ. ನಿನ್ನ ಪಾಲನ್ನು ನೀನು ಹೊರು. ಬಿಟ್ಟುಬಿಡಲೇ ಅನ್ನುತ್ತೀ. ನಿಮ್ಮಪ್ಪ ಸಾಯುವ ತನಕ ಯಾರ ಸಲುವಾಗಿ ಬಾಯಿ ಮುಚ್ಚಿಕೊಂಡರು ಅಂತ ಒಂದು ಸಲ ನೆನಪು ಮಾಡು, ಆಮೇಲೆ ಕೇಳು.

ಒಂದು ಸಾಲಿನ ಉತ್ತರ ಬೇಕೆಂದೆ. ಬರೆದು ನೋಡಿದೆ, ಹೂಂ ಅಂದರೂ ಸುಳ್ಳು, ಬೇಡ ಅಂದರೂ ಸುಳ್ಳು ಅನ್ನಿಸಿತು. ಅದಕ್ಕೇ ಹಲಗಿಯನ್ನು ಗೂಟದಿಂದ ಇಳಿಸಿ ನಿಮ್ಮಪ್ಪನ ಕಂಬಳಿಯಲ್ಲಿ ಸುತ್ತಿದ್ದೇನೆ. ಯಲ್ಲವ್ವ ಆಯಿ ನೋಡಿದಳು. ಚಾಕಿನ ಮಾತು ಎತ್ತಲಿಲ್ಲ.

ಇದನ್ನು ನೀನು ಇರುವ ಕೋಣೆಯಲ್ಲಿ, ಬಂದವರೆಲ್ಲರ ಕಣ್ಣಿಗೆ ಬೀಳುವ ಕಡೆ ತೂಗುಹಾಕಬೇಕು. ಯಾರದು ಅಂತ ಕೇಳಿದವರಿಗೆಲ್ಲ ನಮ್ಮಪ್ಪನದು ಅನ್ನಬೇಕು, ನೀನು ಬರೆದ ಪತ್ರದ ಮಾತೂ ಹೇಳಬೇಕು. ಅಷ್ಟು ಆಗುತ್ತದೆ ಅನ್ನಿಸಿದರೆ ಪಾಲಕನಾಗು. ಆಗುವುದಿಲ್ಲ ಅನ್ನಿಸಿದರೆ ಹರಿಯದೆ ಹೊಳ್ಳಿ ಕಳಿಸು, ಗೂಟ ಖಾಲಿ ಇದೆ.

ಬುಧವಾರ ಏಜಾಜ ದಾಳಿಂಬೆಯ ಜೊತೆ ಹಲಗಿಯನ್ನೂ ಹೇರಿಕೊಂಡು ಬೆಳಗಾವಿ ಮಾರ್ಕೆಟ್ಟಿಗೆ ಬರುತ್ತಾನೆ. ಅವನ ಮುಂದೆ ನಿಲ್ಲಲು ನಿನಗೆ ಆಗುತ್ತದೋ ಇಲ್ಲವೋ ನನಗೆ ತಿಳಿಯದು. ಆಗದಿದ್ದರೆ ಬೇರೆ ಯಾರನ್ನಾದರೂ ಕಳಿಸಿ ನನ್ನ ಉತ್ತರ ತರಿಸಿಕೋ. ತರುವವರಿಗೆ ಹೇಳು, ತಮ್ಮ ಬಟ್ಟೆ ತೋಯ್ದರೂ ಅಡ್ಡಿಯಿಲ್ಲ, ಅದಕ್ಕೆ ನೀರು ತಾಗಬಾರದು.

ಅವ್ವ